ನಾರ್ಟನ್ನಿಗೆ ಎಣ್ಣೆ ಹಾಕಿದವರು

ಪ್ರಭುದೇವನಿಗೆ ಇಬ್ಬರು ಹೆಂಡಿರು ಎಂಬುದು ಅಮೆರಿಕದ ಕರ್ಕ್‌ಲ್ಯಾಂಡಿನ ಕನ್ನಡಿಗರಿಗೆಲ್ಲ ಗೊತ್ತಿದ್ದ ಸಂಗತಿ. ಹೇಳಿಕೊಂಡು ಬರುತ್ತಿದ್ದವಳು ಮೊದಲನೆಯ ಹೆಂಡತಿಯೇ ಆದ್ದರಿಂದ ಅದನ್ನು ಚಾಡಿ ಎನ್ನುವಂತೆಯೂ ಇರಲಿಲ್ಲ. “ಸವತಿ ಗ್ಯಾರೇಜ್‌ನ್ಯಾಗ ಅದಾಳ, ಹೋಗಿ ಮಾತಾಡ್ಸ್ಕೊಂಡ್ ಬರ್ರಿ,” ಎಂದು ರಾಜೇಶ್ವರಿ ಮನೆಗೆ ಬಂದ ಗಂಡಸರನ್ನು ಬಾಗಿಲಿಂದಲೇ ಆ ಕಡೆ ಅಟ್ಟುತ್ತಿದ್ದಳು. ಚಹಾ, ಗಿರ್ಮಿಟ್ಟು ಎರಡೂ ಅಲ್ಲಿಗೇ ಬರುತ್ತಿದ್ದವು.

ಸವತಿ ಎಂದರೆ ಒಂದು ನಾರ್ಟನ್ ಕಮಾಂಡೊ ಮೋಟರ್‌ಸೈಕಲ್. ಎಪ್ಪತ್ತಮೂರರಲ್ಲಿ ಇಂಗ್ಲೆಂಡಿನಲ್ಲಿ ಜನನ. ಎರಡು ಸಿಲಿಂಡರು, ಕಪ್ಪು ಮೈ, ಟ್ಯಾಂಕಿನ ಅಂಚಿಗೆ ಬಂಗಾರದ ಗೆರೆ. ನಿಂತ ಜಾಗದಲ್ಲಿ ನಾಲ್ಕು ಹನಿ ಎಣ್ಣೆ ಸುರಿಸಿ ಇದು ನನ್ನ ಸೀಮೆ ಎಂದು ಸಾರುವ ರಾಜಸ್ವಭಾವ. ಆ ಎಣ್ಣೆ ಹಿಡಿಯಲು ಕೆಳಗೊಂದು ಪರಾತ. ರೊಟ್ಟಿಯ ಹಿಟ್ಟು ನಾದಲು ಗದಗಿನಿಂದ ಸೂಟ್‌ಕೇಸಿನಲ್ಲಿ ಬಂದಿದ್ದ ಪರಾತವದು. ಒಂದು ದಿನ ಅಡುಗೆಮನೆಯಿಂದ ಮಾಯವಾಗಿ ಸವತಿಯ ಕಾಲಡಿಯಲ್ಲಿ ಕಾಣಿಸಿಕೊಂಡಿತು. “ನನ್ನ ಪರಾತ ಕೊಟ್ಟು ಅಕಿನ್ನ ಮನಿ ತುಂಬಿಸ್ಕೊಂಡೀನಿ,” ಎಂದು ರಾಜೇಶ್ವರಿ ಮನೆಗೆ ಬಂದವರ ಮುಂದೆಲ್ಲ ಹೇಳಿ, ತಾನು ಸ್ಟೀಲಿನ ಬೋಗುಣಿಯಲ್ಲಿ ಹಿಟ್ಟು ನಾದತೊಡಗಿದಳು.

ಈ ಎರಡನೆಯ ಲಗ್ನ ನಡೆದದ್ದು ಸ್ವಯಂವರದಲ್ಲಿ. ಡುವಾಲ್ ಎಂಬ ಊರು ದಾಟಿದ ಮೇಲೆ ಸಿಗುವ ಒಂದು ತೋಟದಲ್ಲಿ ಆಕೆ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದಳು. ಕನ್ಯಾಪಿತೃವಾದ ಬಿಳಿಯ ಮುದುಕ ಎಷ್ಟು ಕೊಡುತ್ತೀರಿ ಎಂದು ಯಾರನ್ನೂ ಮೊದಲು ಕೇಳುವವನಲ್ಲ. ಒದ್ದು ಚಾಲೂ ಮಾಡಿ, ಬೇಲಿಯ ತನಕ ಹೋಗಿ, ತಿರುಗಿಸಿಕೊಂಡು ಬನ್ನಿ, ಆಮೇಲೆ ಮಾತು ಎನ್ನುತ್ತಿದ್ದ. ಮೊದಲ ರಾಜಕುಮಾರ ಚರ್ಮದ ಕವಚ ತೊಟ್ಟು ಬಂದಿದ್ದ. ಅವನು ಒದ್ದ, ಕಿಕ್ಕರು ತಿರುಗಿ ಅವನನ್ನೇ ಒದೆಯಿತು. ಕುಂಟುತ್ತ ಹೋಗಿ ಕಾರಿನಲ್ಲಿ ಕುಳಿತ. ಎರಡನೆಯವನು ಬೇಲಿಯವರೆಗೆ ವೀರನಂತೆಯೇ ಹೋದ. ಆದರೆ ಇಂಗ್ಲಿಷರ ಆ ಕಾಲದ ಗಾಡಿಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಲೋಕದ ಗಾಡಿಗಳೆಲ್ಲ ಅದರ ತದ್ವಿರುದ್ಧ. ಅವನು ಬ್ರೇಕೆಂದು ತುಳಿದದ್ದೆಲ್ಲ ಗೇರಿಗೇ ಬಿದ್ದು, ಬೇಲಿಯ ಬ್ಲ್ಯಾಕ್‌ಬೆರಿ ಪೊದೆಯೊಳಗೆ ಹೊಕ್ಕ. ಮುಳ್ಳು ಬಿಡಿಸುವುದರಲ್ಲೇ ಅವನ ಮಧ್ಯಾಹ್ನ ಮುಗಿಯಿತು.

ಮೂರನೆಯವನು ನಮ್ಮ ಪ್ರಭು. ಆಫೀಸಿನ ಐಡಿ ಇನ್ನೂ ಕೊರಳಲ್ಲಿತ್ತು, ಬಂದ ವ್ಯಾನಿನಲ್ಲಿ ಮಗಳ ಪುಟ್ಟ ಸೀಟಿತ್ತು. ಕಾಲೇಜಿನ ದಿನಗಳಲ್ಲಿ ಸೋದರಮಾವನ ಬುಲೆಟ್ಟಿನ ಮೇಲೆ ಗದಗ, ಹುಬ್ಬಳ್ಳಿ ಓಡಾಡಿದ ಬಲಗಾಲು ಅವನದು. ಹಳೆಯ ಬುಲೆಟ್ಟಿನಲ್ಲೂ ಗೇರು ಬಲಕ್ಕೇ, ಒಂದನೆಯದು ಮೇಲಕ್ಕೆ, ಉಳಿದವು ಕೆಳಕ್ಕೆ. ಕಾರ್ಬುರೇಟರಿನ ಗುಂಡಿ ಒತ್ತಿ, ಬೆರಳ ಮೇಲೆ ಪೆಟ್ರೋಲು ತುಳುಕಿದ ಮೇಲೆ ಒಂದೇ ಒದೆತ. ಬೇಲಿಯ ತನಕ ಹೋಗಿ, ಪೊದೆಯಲ್ಲಿದ್ದವನಿಗೆ ನಮಸ್ಕಾರ ಹೇಳಿ, ತಿರುಗಿ ಬಂದ. ಎಲ್ಲಿ ಕಲಿತೆ ಎಂದು ಮುದುಕ ಕೇಳಿದ. “ಗದಗ,” ಎಂದ ಪ್ರಭು. ಅದೆಲ್ಲಿದೆ ಎಂದದ್ದಕ್ಕೆ, ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ, “ಹುಬ್ಬಳ್ಳಿ ಹತ್ತಿರ,” ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಮುದುಕ ತೃಪ್ತನಾಗಿ ತಲೆಯಾಡಿಸಿದನಂತೆ.

ಗದಗಿನಲ್ಲಿ ಪ್ರಭುವಿನ ತಂದೆ ನೀಲಕಂಠಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಕರೆಂಟು ಹೋದರೆ ನಡೆಯಲೆಂದು ಒಂದು ಡೀಸೆಲ್ ಇಂಜಿನ್ನು. ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತ ಹುಡುಗ, ಕಲ್ಲಿಗೆ ಬಿದ್ದದ್ದು ಜೋಳವೋ ಗೋಧಿಯೋ ಎಂದು ಇಂಜಿನ್ನಿನ ಏದುಸಿರು ಕೇಳಿಯೇ ಹೇಳುತ್ತಿದ್ದ. ಆ ಕಿವಿಯನ್ನು ಹೊತ್ತುಕೊಂಡು ಅವನು ರೆಡ್ಮಂಡಿಗೆ ಬಂದು, ಸದ್ದೇ ಇಲ್ಲದ ಸಾಫ್ಟ್‌ವೇರಿನಲ್ಲಿ ಟೆಸ್ಟಿಂಗ್ ಕೆಲಸ ಹಿಡಿದ. ಮಂದಿ ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಬಹಳ ಚೆನ್ನಾಗಿ ಹುಡುಕುತ್ತಿದ್ದ, ಹಾಗಾಗಿ ಯಾರಿಗೂ ಅವನು ಅಷ್ಟಾಗಿ ಬೇಕಾಗಿರಲಿಲ್ಲ. ಅವನ ಹೆಸರು ಯಾವುದರ ಮೇಲೂ ಉಳಿಯಲಿಲ್ಲ. ಉಳಿದಿದ್ದರೂ ಮುಂದಿನ ವರ್ಷ ಹೊಸ ವರ್ಷನ್ ಬಂದು ಅಳಿಸಿಬಿಡುತ್ತಿತ್ತು.

ಈ ಕೊರಗನ್ನು ಅವನು ನೇರವಾಗಿ ಹೇಳಿದವನಲ್ಲ. ರಾಜ್ಯೋತ್ಸವದ ಊಟಕ್ಕೆ ಸೇರಿದಾಗ, ಬಿಸಿಬೇಳೆಭಾತಿನ ತಟ್ಟೆ ಹಿಡಿದು ಓಡಿಹೋಗಲಾಗದ ಸ್ಥಿತಿಯಲ್ಲಿರುವವರನ್ನು ಹುಡುಕಿ, ಇಂಗ್ಲಿಷ್ ಜೋಡಿ ಸಿಲಿಂಡರಿನ ಚರಿತ್ರೆ ಹೇಳುತ್ತಿದ್ದ.

“ಮೊದ್ಲು ಒಂದ ದೊಡ್ಡ ಸಿಲಿಂಡರ್ ಇತ್ರಿ. ಮೂವತ್ತರ ದಶಕದಾಗ ಒಬ್ಬ ಎಂಜಿನಿಯರ್ ಅದರ ಜಾಗಾದಾಗ ಎರಡು ಸಣ್ಣವು ಇಟ್ಟ. ಎರಡೂ ಪಿಸ್ಟನ್ ಜೋಡೀಲೆ ಮ್ಯಾಲೆ, ಜೋಡೀಲೆ ಕೆಳಗ. ಆದ್ರ ಸಿಡಿಯೂದು ಪಾಳಿ ಮ್ಯಾಲೆ. ಒಂದು ಸಿಡಿದಾಗ ಇನ್ನೊಂದು ಸುಮ್ನ ಅದರ ಜತಿಗೆ ಇಳೀತೈತಿ. ಮದುವಿ ಇದ್ದಂಗ.”

“ಯಾರು ಸಿಡಿಯೂದು, ಯಾರು ಸುಮ್ನಿರೂದು ಅನ್ನೂದನ್ನೂ ಹೇಳ್ರಿ,” ಎಂದು ರಾಜೇಶ್ವರಿ ಹಪ್ಪಳ ಬಡಿಸುತ್ತ ಕೇಳುತ್ತಿದ್ದಳು.

ಐನೂರು ಸಿಸಿಯಲ್ಲಿ ಹುಟ್ಟಿದ ಆ ಇಂಜಿನ್ನು ಎಲ್ಲರ ಮನಸ್ಸನ್ನೂ ಗೆದ್ದಿತು. ಇಂಗ್ಲೆಂಡಿನ ಕಂಪನಿಗಳೆಲ್ಲ ತಮ್ಮದೂ ಒಂದಿರಲೆಂದು ಅದನ್ನೇ ಮಾಡಿದವು. ಅಮೆರಿಕದವರು ಇನ್ನೂ ವೇಗ ಬೇಕೆಂದರು; ಅದೇ ಇಂಜಿನ್ನನ್ನು ಆರುನೂರೈವತ್ತಕ್ಕೆ ಹಿಗ್ಗಿಸಿದರು, ಏಳುನೂರೈವತ್ತಕ್ಕೆ, ಎಂಟುನೂರೈವತ್ತಕ್ಕೆ. ಹಿಗ್ಗಿದಂತೆಲ್ಲ ನಡುಕವೂ ಹೆಚ್ಚಿತು. ನಟ್ಟುಗಳು ಉದುರಿದವು, ದೀಪಗಳು ಆರಿದವು, ಸವಾರರ ಹಲ್ಲು ಕಟಕಟ ಎಂದವು. ಹೊಸ ಇಂಜಿನ್ನು ಕಟ್ಟಲು ನಾರ್ಟನ್ನಿನವರ ಬಳಿ ವೇಳೆಯಿರಲಿಲ್ಲ. ಹಳೆಯದನ್ನೇ ರಬ್ಬರಿನ ದಿಂಬುಗಳ ಮೇಲೆ ತೂಗುಹಾಕಿ ಕಮಾಂಡೊ ಎಂದು ಹೆಸರಿಟ್ಟರು. ಅತ್ತೆಯ ಬೈಗುಳ ನಿಲ್ಲಿಸಲಾಗದೆ ಸೊಸೆಯ ಕಿವಿಗೆ ಹತ್ತಿ ಇಟ್ಟ ಹಾಗೆ. ಅಷ್ಟರಲ್ಲಿ ಜಪಾನಿನವರು ನಾಲ್ಕು ಸಿಲಿಂಡರಿನ ಗಾಡಿ ತಂದರು. ಗುಂಡಿ ಒತ್ತಿದರೆ ಚಾಲೂ, ಎಣ್ಣೆ ಸೋರುವುದಿಲ್ಲ. ಇಂಗ್ಲಿಷ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

“ಸೋತೋರ ಗಾಡಿ ಕಟ್ಕೊಂಡ್ ಏನ್ ಮಾಡ್ತೀಯೋ ಪ್ರಭಣ್ಣಾ?” ಎಂದು ಧಾರವಾಡದ ವಿಜಯಕುಮಾರ ಕೆಣಕುತ್ತಿದ್ದ.

“ಗೆದ್ದೋರ ಗಾಡಿಗೆ ನನ್ನ ಗರಜೇನೈತೋ?” ಎನ್ನುತ್ತಿದ್ದ ಪ್ರಭು.

ಕಳೆದ ವರ್ಷ ಆಫೀಸಿನವರಿಗೂ ಅವನ ಗರಜು ಮುಗಿಯಿತು. ಬಹಳ ಮಂದಿಯ ಜತೆ ಅವನನ್ನೂ ಕೆಲಸ ಬಿಡಿಸಿದರು. ಎಲ್ಲರೂ ಬೆಲ್ವ್ಯೂದಲ್ಲಿ ಬೇರೆ ಕೆಲಸ ಹುಡುಕಿದರೆ, ಇವನು ಗ್ಯಾರೇಜಿಗೆ ಹೋಗಿ ನಾರ್ಟನ್ನಿನ ಇಂಜಿನ್ನನ್ನು ಕೊನೆಯ ಸ್ಕ್ರೂವಿನ ತನಕ ಬಿಚ್ಚಿ ಹಾಕಿದ. ಚಳಿಗಾಲವೆಲ್ಲ ಅದೇ ಧ್ಯಾನ. ಊಟದ ಟೇಬಲ್ಲಿನ ಮೇಲೆ ಪಿಸ್ಟನ್ನುಗಳು ಬಟ್ಟೆ ಹೊದ್ದು ಮಲಗಿದ್ದವು. ಇಂಜಿನ್ನಿನ ಅಲ್ಯುಮಿನಿಯಂ ಹೊರಕವಚವನ್ನು ಅವನು ಅಡುಗೆಮನೆಯ ಓವನ್ನಿನಲ್ಲಿಟ್ಟು ಕಾಯಿಸಿದ. ಬಿಸಿಗೆ ಅದು ಹಿಗ್ಗಿದಾಗ ಬೇರಿಂಗು ಬಡಿಯದೆಯೇ ಒಳಗೆ ಕೂರುತ್ತದೆ. ಲಿಂಗಪೂಜೆಯ ಮನೆಯಲ್ಲಿ ಮೊಟ್ಟೆಯಿಲ್ಲದ ಕೇಕು ಮಾತ್ರ ಕಂಡಿದ್ದ ಓವನ್ನು ಅಂದು ಪರದೇಶದ ಇಂಜಿನ್ನಿನ ಗ್ರೀಸು ಕುಡಿಯಿತು.

“ಇಂಥಾ ಹುಚ್ಚು ಯಾಕ್ರೀ? ಯಾರರ ಮೆಕ್ಯಾನಿಕ್ಕಿಗೆ ಕೊಡಬಾರ್ದ?” ಎಂದು ರಾಜೇಶ್ವರಿ ಕೇಳಿದಳು.

“ಜೀವಮಾನ ಪೂರಾ ಮಂದಿ ಕೂಡ್ಸಿದ್ದನ್ನ ಕೆಡವಿ ತೋರ್ಸೀನಿ, ರಾಜೂ. ನಾ ಕೂಡ್ಸಿದ್ದು ಒಂದರ ಇರ್ಬೇಕೋ ಬ್ಯಾಡೋ?”

ಯುಗಾದಿಯ ಹೊತ್ತಿಗೆ ಇಂಜಿನ್ನು ಕೂಡಿತು, ಚೌಕಟ್ಟಿಗೆ ಏರಿತು, ಎಣ್ಣೆ ತುಂಬಿತು. ಬೇವುಬೆಲ್ಲ ತಿಂದು ಒದೆಯುವುದೆಂದು ಮುಹೂರ್ತವೂ ಇಟ್ಟಿದ್ದ. ಹಬ್ಬಕ್ಕೆ ಮೊದಲೇ ಹೊಟ್ಟೆನೋವು ಬಂತು. ಡಾಕ್ಟರು ಹೆಸರು ಹೇಳಿದ ರೋಗ ಮೇದೋಜೀರಕ ಗ್ರಂಥಿಯದು. ಹೇಳುವಾಗ ಡಾಕ್ಟರು ಇವನ ಮುಖ ಬಿಟ್ಟು ಕಂಪ್ಯೂಟರನ್ನು ನೋಡುತ್ತಿದ್ದರಂತೆ. ಪ್ರಭು ಅಷ್ಟರಿಂದಲೇ ಫಲಿತಾಂಶ ಓದಿಕೊಂಡ.

ಇಂಜಿನ್ನನ್ನು ಬೇರೆ ಯಾರೂ ಚಾಲೂ ಮಾಡಕೂಡದೆಂದು ಅವನ ಕಟ್ಟಪ್ಪಣೆ. ಮೊದಲ ಒದೆತ ತನ್ನದೇ. ಕೀಮೋ ಮುಗಿಯಲಿ, ಕಾಲಿಗೆ ಶಕ್ತಿ ಬರಲಿ ಎನ್ನುತ್ತ ಬೇಸಿಗೆ ಕಳೆಯಿತು. ಕಾಲಿಗೆ ಶಕ್ತಿ ಬರಲಿಲ್ಲ, ಇದ್ದ ಕಾಲೂ ತೆಳುವಾಗುತ್ತ ಹೋಯಿತು. ಅಕ್ಟೋಬರಿನಲ್ಲಿ ಇಲ್ಲಿಯ ಮಳೆಗಾಲ ಕವಿದಾಗ ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದರು. ಡ್ರೈವ್‌ವೇಗೆ ಕಿಟಕಿಯಿದ್ದ ಮನೆಯ ಆಫೀಸ್ ರೂಮಿಗೆ ಮಂಚ ಬಂತು, ಕೊನೆಗಾಲದ ಆರೈಕೆಗೆಂದು ಹಾಸ್ಪಿಸ್ ನರ್ಸು ಬರತೊಡಗಿದಳು, ಪೋರ್ಟ್‌ಲ್ಯಾಂಡಿನಲ್ಲಿ ಓದುತ್ತಿದ್ದ ಮಗಳು ಪೂರ್ಣಿಮಾ ಬಂದಳು. ಆಗ ಪ್ರಭು ಗೆಳೆಯರಾದ ನಮ್ಮನ್ನು ಕರೆಸಿದ.

“ನನ್ನ ಕಾಲಿಂದ ಇನ್ನ ಆಗಂಗಿಲ್ಲ. ನೀವ ಒದೀರಿ,” ಎಂದ. “ಎರಡೂ ಸಿಲಿಂಡರ್ ಹೊಡೀಬೇಕು. ನಾ ಕೂಡ್ಸಿದ್ದು ಸರಿ ಐತೋ ಇಲ್ಲೋ ಕೇಳಿ ಹೋಗ್ತೀನಿ.”

ಹೀಗೆ ಮಹಾಸಮರದ ದಿನ ನಿಶ್ಚಯವಾಯಿತು. ಆದರೆ ಸಮರಕ್ಕೆ ಮುಂಚೆ ನಡೆದ ಒಂದು ಗುಪ್ತ ಪುಣ್ಯಕಾರ್ಯವನ್ನು ಹೇಳಬೇಕು. ಅವನು ಆಸ್ಪತ್ರೆಯಲ್ಲಿದ್ದಾಗ ನಾವೆಲ್ಲ ಸರದಿಯಲ್ಲಿ ಹೋಗಿ ಹುಲ್ಲು ಕತ್ತರಿಸುತ್ತ, ಕಸದ ಡಬ್ಬಿ ಹೊರಗಿಡುತ್ತ ಇದ್ದೆವು. ವಿಜಯಕುಮಾರ ಒಂದು ದಿನ ನಾರ್ಟನ್ನಿನ ಎಣ್ಣೆ ಟ್ಯಾಂಕಿನ ಅಳತೆಯ ಕಡ್ಡಿ ಎಳೆದು ನೋಡಿದ, ಒಣಗಿತ್ತು. ಅಯ್ಯೋ ಪಾಪ ಎಂದು ಅಂಗಡಿಗೆ ಹೋಗಿ ಎಣ್ಣೆ ತಂದು ತುಂಬಿದ. ಕೆಲವು ವಾರದ ಮೇಲೆ ಮಂಡ್ಯ ಕಡೆಯ ಗುರುಪ್ರಸಾದ್ ಕಡ್ಡಿ ಎಳೆದ, ಒಣಗಿತ್ತು. ಅವನೂ ತುಂಬಿದ. ಮಾಡಿದ ಸೇವೆ ಬಾಯಿಬಿಟ್ಟರೆ ಪುಣ್ಯ ಕರಗುತ್ತದೆಂದು ಇಬ್ಬರೂ ತುಟಿ ಹೊಲಿದುಕೊಂಡಿದ್ದರು. ಮೈಸೂರು ಸೀಮೆ, ಮುಂಬೈ ಕರ್ನಾಟಕ ಎರಡೂ ಒಂದೇ ತಪ್ಪಿನಲ್ಲಿ ಏಕೀಕರಣಗೊಂಡದ್ದು ಹೀಗೆ.

ಸಮರ ಒಂದು ಶನಿವಾರ ಬೆಳಗ್ಗೆ. ಸೋನೆ ಹಿಡಿದಿತ್ತು. ಕಿಟಕಿ ತೆರೆದು, ಪ್ರಭುವಿಗೆ ಎರಡು ಕಂಬಳಿ ಹೊದಿಸಿ, ಉಣ್ಣೆಯ ಟೋಪಿ ಕಿವಿಯ ಮೇಲೆ ಬಾರದಂತೆ ಪೂರ್ಣಿಮಾ ಹಿಡಿದು ಕುಳಿತಿದ್ದಳು. ಗಾಡಿಯನ್ನು ಡ್ರೈವ್‌ವೇಗೆ ತಳ್ಳಿ ತಂದೆವು. ರಾಜೇಶ್ವರಿ ಹ್ಯಾಂಡಲಿಗೆ ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು.

ವಿಜಯಕುಮಾರ ಮೊದಲು ಏರಿದ. ಕಿಕ್ಕರು ಕಾಲಡಿ ಸುಲಭಕ್ಕೆ ಅಲುಗಲಿಲ್ಲ. ಹಸಿ ಕಾಂಕ್ರೀಟಿನಲ್ಲಿ ಕಾಲಿಟ್ಟ ಹಾಗೆ ನಿಧಾನವಾಗಿ ಕುಸಿಯಿತು. ಮತ್ತೆ ತುಳಿದ. ಬೆವರಿದ.

“ಧಾರವಾಡ ಫೇಡೆ ತಿಂದು ತಿಂದು ಕಾಲು ಮೆತ್ತಗಾಗಿದೆ ಕಣೋ. ಇಳಿ ಕೆಳಗೆ,” ಎಂದ ಗುರುಪ್ರಸಾದ್. “ಕಬ್ಬಿನ ಗದ್ದೇಲಿ ಬೆಳೆದ ಕಾಲು ನೋಡು ಈಗ.”

ಅವನ ತೂಕ ಮೂರು ಮನೆಗಳ ಹಬ್ಬದೂಟದ ಒಟ್ಟು ಮೊತ್ತ. ಮೈಯೆಲ್ಲ ಎತ್ತಿ ಕಿಕ್ಕರಿನ ಮೇಲೆ ಹಾರಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಹಾರಿದ. ಆಮೇಲೆ ಭೂಮಿಯೊಳಗಿಂದ ಯಾರೋ ಕೆಮ್ಮಿದಂತಾಗಿ ಇಂಜಿನ್ನು ಹತ್ತಿತು. ನಾವು ಹೋ ಎಂದು ಕೂಗಿದೆವು. ಕೂಗು ಮುಗಿಯುವ ಮೊದಲೇ ಹೊಗೆ ಬಂತು. ಬಿಳಿನೀಲಿಯ ದಟ್ಟ ಹೊಗೆ ಮೊದಲು ಗುರುಪ್ರಸಾದನನ್ನು, ನಂತರ ಎದುರುಮನೆಯ ಸೀಡರ್ ಮರವನ್ನು ನುಂಗಿತು. ಇಂಜಿನ್ನು ಎಲ್ಲೆಂದರಲ್ಲಿ ಎಣ್ಣೆ ಕಾರಿತು. ಸದ್ದು ಮಾತ್ರ ಕುಂಟುತ್ತಿತ್ತು: ಡುಗ್... ಡುಗ್... ನಡುವೆ ಒಂದು ಖಾಲಿ ಜಾಗ.

ಕಿಟಕಿಯಿಂದ ಪೂರ್ಣಿಮಾ ಇಂಗ್ಲಿಷಿನಲ್ಲಿ ಕೂಗಿದಳು: ಒಂದೇ ಸಿಲಿಂಡರ್ ಹೊಡೀತಿದೆ ಅಂತಿದಾರೆ ಅಪ್ಪ, ಯಾವ ಪೈಪು ತಣ್ಣಗಿದೆ ನೋಡಿ ಅಂತಿದಾರೆ.

ಹೊಗೆ ಕೊಳವೆ ಮುಟ್ಟಿ ಸುಟ್ಟುಕೊಳ್ಳಲು ವೀರರಿಬ್ಬರೂ ಹಿಂದೆಮುಂದೆ ನೋಡಿದರು. ರಾಜೇಶ್ವರಿ ಒಳಗೆ ಓಡಿ ತಂಬಿಗೆಯಲ್ಲಿ ನೀರು ತಂದಳು. ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವ ಹಾಗೆ ಬೆರಳದ್ದಿ ಬಲಗಡೆಯ ಕೊಳವೆಗೆ ಚಿಮುಕಿಸಿದಳು. ಚುಂಯ್ ಎಂದಿತು. ಎಡಗಡೆಯದಕ್ಕೆ ಚಿಮುಕಿಸಿದಳು. ನೀರು ಹನಿಹನಿಯಾಗಿ ಜಾರಿ ಕೆಳಗೆ ಬಿತ್ತು.

“ಎಡಗಡೀದು ತಣ್ಣಗೈತ್ರೀ,” ಎಂದು ಕಿಟಕಿಗೆ ಹೇಳಿದಳು. ಇಂಜಿನ್ನು ಒಮ್ಮೆ ಉಗುಳಿ ನಿಂತುಹೋಯಿತು.

ಒಳಗೆ ಹೋದಾಗ ಪ್ರಭು ಚಾವಣಿ ನೋಡುತ್ತಿದ್ದ. “ಎಲ್ಲೋ ತಪ್ಪು ಮಾಡೀನಿ,” ಎಂದ. “ರಿಂಗ್ ಒಡದೈತೋ, ವಾಲ್ವ್ ಕೂತಿಲ್ಲೋ. ಮಂದಿ ತಪ್ಪು ಹುಡುಕಿ ಪಗಾರ ತಗೊಂಡೆ. ನನ್ನ ತಪ್ಪು ನಂಗ ಸಿಗ್ವಲ್ದು ನೋಡ್ರಿ.” ಹೋಗಲಿ ಬಿಡು ಎಂದು ನಾವು ಅಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಗೋಡೆಯ ಕಡೆ ಹೊರಳಿದ. ಅಂದು ರಾಜೇಶ್ವರಿ ಹಿಡಿದ ಗಂಜಿಯ ಚಮಚಕ್ಕೆ ಬಾಯಿಯನ್ನೇ ತೆರೆಯಲಿಲ್ಲ.

ನಾವು ಗ್ಯಾರೇಜಿನಲ್ಲಿ ಎಣ್ಣೆ ಒರೆಸುತ್ತ ಕುಳಿತೆವು. ಒರೆಸಿದಷ್ಟೂ ಬರುತ್ತಿತ್ತು.

“ಎಣ್ಣಿ ಕಮ್ಮಿ ಅಂತೂ ಇರ್ಲಿಲ್ಲ,” ಎಂದ ವಿಜಯಕುಮಾರ ಮೆಲ್ಲಗೆ. “ನಾನ ತುಂಬಿದ್ದೆ.”

ಗುರುಪ್ರಸಾದ್ ಕೈಯ ಬಟ್ಟೆ ಬಿಟ್ಟ. “ನೀನು ತುಂಬಿದ್ಯಾ? ಯಾವಾಗ?”

“ಶ್ರಾವಣದಾಗ. ಯಾಕ?”

“ಗಣೇಶನ ಹಬ್ಬ ಆದ್ಮೇಲೆ ನಾನೂ ತುಂಬಿದೀನಲ್ಲೋ ಮಾರಾಯ! ಕಡ್ಡಿ ಒಣಗಿತ್ತು!”

“ನಾ ತುಂಬಿದ್ದನ್ನ ಎಲ್ಲಿ ಹೋತು ಅಂತ ಕೇಳ್ಬಾರ್ದ?”

“ನೀನು ತುಂಬಿದೀಯ ಅಂತ ನಂಗೇನು ಕನಸು ಬಿದ್ದಿತ್ತಾ?”

ಬಾಗಿಲಲ್ಲಿ ರಾಜೇಶ್ವರಿ ನಿಂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲು ಹಾಗೇ ಇತ್ತು.

“ನಾನೂ ಹಾಕೀನಿ,” ಎಂದಳು.

ಇಬ್ಬರೂ ತಿರುಗಿದರು. “ವೈನೀ, ನೀವಾ? ಎಷ್ಟ್ ಹಾಕಿದ್ರಿ?” ಎಂದ ವಿಜಯಕುಮಾರ.

“ಒಂದೊಂದ್ ವಾಟಗಾ. ಸೋಮವಾರಕ್ಕೊಮ್ಮೆ,” ಎಂದು ಕೈಯ ಬಟ್ಟಲಿನಿಂದಲೇ ಅಳತೆ ತೋರಿಸಿದಳು.

ಸಾರಿಗೆ ಮೂರು ಸೊಸೆಯರು ಉಪ್ಪು ಹಾಕಿದ ಕಥೆಯನ್ನು ನಾವೆಲ್ಲ ಹೇಳಿ ನಕ್ಕವರೇ. ಅಂದು ಯಾರೂ ನಗಲಿಲ್ಲ. ಅವಳು ಬಟ್ಟಲನ್ನು ನೋಡುತ್ತಲೇ ಹೇಳಿದಳು. ಆಸ್ಪತ್ರೆಯಲ್ಲಿ ಒಮ್ಮೆ ಅವನು, ಎಣ್ಣಿ ಐತೇನು ನೋಡು ರಾಜೂ, ಎಂದಿದ್ದನಂತೆ. ಇಷ್ಟು ವರ್ಷದಲ್ಲಿ ಸವತಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಕಡ್ಡಿ ಒಣಗಿತ್ತು, ಗ್ಯಾರೇಜಿನ ಡಬ್ಬಿಯಲ್ಲಿದ್ದ ಇಂಜಿನ್ ಎಣ್ಣೆ ಹಾಕಿದಳು. ಮುಂದಿನ ಸೋಮವಾರ ದೇವರಿಗೆ ದೀಪದ ಎಣ್ಣೆ ಹಾಕಿದ ಕೈಯಲ್ಲೇ ಬಂದು ನೋಡಿದಳು, ಮತ್ತೆ ಇಳಿದಿತ್ತು. ಮತ್ತೆ ಹಾಕಿದಳು.

“ಕುಡಿಯಾಕತ್ತಾಳ ಅನ್ಕೊಂಡೆ. ಅವ್ರು ಗಂಜಿ ಸುದ್ದಾ ಒಲ್ಲೆ ಅಂತಿದ್ರು. ಇಕಿಯರ ಕುಡೀತಾಳಲ್ಲ, ಕುಡಿಯೋತನಕ ಮನ್ಯಾಗ ಜೀವ ಐತಿ ಅಂತ...”

ಮಾತು ಅಲ್ಲಿಗೇ ಬಿಟ್ಟು, ಬಟ್ಟಲನ್ನು ವಿಜಯಕುಮಾರನ ಕೈಗೆ ಕೊಟ್ಟು ಒಳಗೆ ಹೋದಳು. ಮಂಚದ ಪಕ್ಕ ಕುಳಿತು, “ಇಲ್ಲಿ ನೋಡ್ರಿ. ತಪ್ಪು ನಿಮ್ದಲ್ಲ. ನಂದು,” ಎಂದಳು. ಪ್ರಭು ಹೊರಳಲಿಲ್ಲ. ಅವಳು ಎಲ್ಲವನ್ನೂ ಅವನ ಬೆನ್ನಿಗೇ ಹೇಳಿದಳು. ಸೋಮವಾರಗಳನ್ನು ಹೇಳಿದಳು, ವಾಟಗದ ಲೆಕ್ಕ ಹೇಳಿದಳು, ನಮ್ಮ ವೀರರಿಬ್ಬರನ್ನೂ ಬಿಡದೆ ಹೇಳಿದಳು.

ಅವನು ನಿಧಾನವಾಗಿ ತಿರುಗಿದ. ಕಣ್ಣಲ್ಲಿ ಟೆಸ್ಟರ್ ಎಚ್ಚರಗೊಂಡಿದ್ದ.

“ಪರಾತದಾಗ ಎಷ್ಟ್ ಸೋರಿತ್ತು?”

“ಸ್ವಲ್ಪ.”

“ಕಡ್ಡಿ ಪ್ರತಿ ಸಲ ಒಣಾನ?”

“ಹೂಂ.”

“ಅಕಿ ಕುಡಿಯಂಗಿಲ್ಲ ಹುಚ್ಚಿ!” ಎಂದ. “ಸುಮ್ನ ನಿಂತ್ರ ಟಾಕ್ಯಾಗಿನ ಎಣ್ಣಿ ತಾನ ಇಳಿದು ಇಂಜಿನ್ ಹೊಟ್ಟಿಗೆ ಹೋಗ್ತೈತಿ. ಟಾಕಿ ಖಾಲಿ ಕಾಣ್ತೈತಿ, ಹೊಟ್ಟಿ ತುಂಬಿರ್ತೈತಿ. ಚಾಲೂ ಆ‌ದ್ರ ಪಂಪು ಮತ್ತ ಮ್ಯಾಲೆ ಎತ್ತತೈತಿ. ನೀವು ಮೂರೂ ಮಂದಿ ಸೇರಿ ಹೊಟ್ಟಿ ಒಡಿಯೂಹಂಗ ಉಣಿಸೀರಿ. ಪ್ಲಗ್ಗು ಎಣ್ಣ್ಯಾಗ ಮುಣುಗಿದ್ರ ಕಿಡಿ ಎಲ್ಲಿ ಹಾರಬೇಕು?”

ಅವನು ನಕ್ಕ. ಆ ಮೈಯಲ್ಲಿ ನಗುವಿಗೆ ಜಾಗವಿರಲಿಲ್ಲ, ಕೆಮ್ಮಾಗಿ ಹೊರಬಂತು. ನೋವಿಗೆ ಕಣ್ಣು ಮುಚ್ಚಿ, ಅವಳ ಕೈ ಹಿಡಿದೇ ನಕ್ಕ. “ಸವತಿಗೆ ಎಣ್ಣಿ ಹಾಕಿದಾಕಿ!” ಎಂದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾವು ಹೊರಗೆ ಬಂದುಬಿಟ್ಟೆವು.

ಅಂದೇ ಇಂಜಿನ್ನಿನ ಕೆಳಗಿನ ಬಿರಡೆ ಬಿಚ್ಚಿದೆವು. ಪರಾತ ತುಂಬಿತು. ಬಕೆಟ್ಟು ತಂದೆವು. ಪೂರ್ಣಿಮಾ ಫೋನಿನಲ್ಲಿ ಎಲ್ಲವನ್ನೂ ಅಪ್ಪನಿಗೆ ತೋರಿಸುತ್ತ ನಿಂತಿದ್ದಳು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತೋರಿಸಿರೆಂದ; ಅದರಲ್ಲಿ ಲೋಹದ ಪುಡಿಯ ಮಿಂಚಿದ್ದರೆ ಒಳಗೇನೋ ಸವೆದಿದೆ ಎಂದರ್ಥ. ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ.

“ಹಂಗಾದ್ರೆ ಪಾಸ್ ಆಯ್ತಲ್ಲ ಅಣ್ಣ,” ಎಂದ ಗುರುಪ್ರಸಾದ್ ಫೋನಿಗೆ.

“ನಾ ಕೇಳೋತನಕ ಪಾಸ್ ಇಲ್ಲ,” ಎಂದಿತು ಫೋನು.

ಎಣ್ಣೆಯ ಒತ್ತಡಕ್ಕೆ ಒಳಗಿನ ಒಂದು ರಬ್ಬರು ಸೀಲು ಜಾಗ ಬಿಟ್ಟಿತ್ತು. ಅದನ್ನು ಕೂರಿಸಲು ಎಡಗಡೆಯ ಚೈನು, ಕ್ಲಚ್ಚು ಎಲ್ಲ ಬಿಚ್ಚಬೇಕು. ಕೀಬೋರ್ಡಿಗಿಂತ ಭಾರವಾದದ್ದನ್ನು ಎತ್ತದ ಕೈಗಳು ನಮ್ಮವು. ಆಫೀಸು ಮುಗಿಸಿ ಬಂದು ದಿನಕ್ಕಿಷ್ಟು ಬಿಚ್ಚಿದೆವು, ದಿನಕ್ಕಿಷ್ಟು ಕೂಡಿಸಿದೆವು. ಒಂದು ವಾಷರು ಕಳೆದು ಎಲ್ಲರೂ ನೆಲದ ಮೇಲೆ ತೆವಳಿದೆವು. ಅದು ವಿಜಯಕುಮಾರನ ಶರ್ಟಿನ ಜೇಬಿನಲ್ಲಿ ಸಿಕ್ಕಿತು. ಮೊದಲ ಸಂಜೆ ಫೋನಿನಿಂದ ಪೂರ್ತಿ ವಾಕ್ಯಗಳಲ್ಲಿ ಬೈಗುಳ ಬರುತ್ತಿದ್ದವು. ಆಮೇಲೆ ಬಿಡಿ ಶಬ್ದಗಳು: ಬಿಗಿ. ಅಲ್ಲ. ಎಡಕ್ಕ. ಆಮೇಲೆ ಪೂರ್ಣಿಮಾ ಅವನ ತುಟಿಗೆ ಕಿವಿಯಿಟ್ಟು ಕೇಳಿ ನಮಗೆ ಹೇಳುತ್ತಿದ್ದಳು. ಕ್ಲಚ್ಚಿನ ಹೊರಮುಚ್ಚಳ ಕೂರಿಸಿದ ಸಂಜೆ ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಶುಕ್ರವಾರದ ಮೇಲೆ ಅವನು ಕಣ್ಣು ತೆರೆಯಲಿಲ್ಲ.

ಭಾನುವಾರ ನರ್ಸು ಬಂದು ಕಂಬಳಿ ಸರಿಸಿ ಪಾದ ಮುಟ್ಟಿ ನೋಡಿದಳು. ತಣ್ಣಗಾಗುತ್ತಿವೆ, ಇನ್ನು ಬಹಳ ಹೊತ್ತಿಲ್ಲ ಎಂದಳು. ಕೇಳಿಸುತ್ತಿರಬಹುದು, ಮಾತನಾಡುತ್ತಿರಿ ಎಂದಳು.

ರಾಜೇಶ್ವರಿ ಕಿಟಕಿ ತೆರೆದಳು.

ಗುರುಪ್ರಸಾದ್ ಈ ಸಲ ಹಾರಲಿಲ್ಲ, ಕಬ್ಬಿನ ಗದ್ದೆಯ ಮಾತನ್ನೂ ಎತ್ತಲಿಲ್ಲ. ಗುಂಡಿ ಒತ್ತಿ ಪೆಟ್ರೋಲು ತುಳುಕಿಸಿ, ಶೂ ಒರೆಸಿಕೊಂಡು ಕಿಕ್ಕರಿನ ಮೇಲೆ ಕಾಲಿಟ್ಟ. ಅದು ಹಗುರವಾಗಿ ಇಳಿಯಿತು. ಇನ್ನೊಮ್ಮೆ ಒದ್ದ.

ಹತ್ತಿತು.

ಆ ಸದ್ದನ್ನು ಹೇಗೆ ಹೇಳಲಿ. ಒಂದರ ಬೆನ್ನಿಗೆ ಇನ್ನೊಂದು, ನಡುವೆ ಖಾಲಿ ಜಾಗವೇ ಇಲ್ಲ. ಇಡೀ ಗಾಡಿ ರಬ್ಬರಿನ ಮೇಲೆ ಕುಳಿತು ತುಯ್ಯುತ್ತಿತ್ತು, ಮುಂದಿನ ಚಕ್ರ ನೆಲದ ಮೇಲೆ ನಿಂತಲ್ಲೇ ಕುಣಿಯುತ್ತಿತ್ತು. ವಿಜಯಕುಮಾರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ರಾಜೇಶ್ವರಿ ತಂಬಿಗೆ ಹಿಡಿದು ಬಂದಳು. ಬಲಗಡೆಗೆ ಚಿಮುಕಿಸಿದಳು. ಚುಂಯ್ ಎಂದಿತು. ಎಡಗಡೆಗೆ ಬಗ್ಗಿ, ಒಂದು ಕ್ಷಣ ತಡೆದು, ಬೆರಳು ಕೊಡವಿದಳು. ಚುಂಯ್ ಎಂದಿತು. ನಂಬದೆ ಮತ್ತೊಮ್ಮೆ ಚಿಮುಕಿಸಿ, ಅದು ಆರುವ ಮೊದಲೇ ಕೊಳವೆಯನ್ನು ಅಂಗೈಯಿಂದ ಮುಟ್ಟಿಯೇಬಿಟ್ಟಳು. ಸುಟ್ಟ ಕೈ ಹಾಗೇ ಹಿಡಿದುಕೊಂಡು ಒಳಗೆ ಓಡಿದಳು.

“ಎರಡೂ ಚುಂಯ್ ಅಂದುವ್ರೀ,” ಎಂದಳು ಅವನ ಕಿವಿಯಲ್ಲಿ. “ಎರಡೂ ಕಾದಾವ. ನೀವು ಕೂಡ್ಸಿದ್ದು ಸರಿ ಐತಿ. ಕೇಳಾಕತ್ತೈತೇನ್ರಿ? ಪಾಸ್ ಅನ್ರಿ. ಒಂದ್ ಸಲ ಪಾಸ್ ಅನ್ರಿ.”

ಅವನು ಅನ್ನಲಿಲ್ಲ. ಅವಳು ಮಂಚದ ಕಾಲಬದಿಗೆ ಹೋಗಿ ಕಂಬಳಿಯೊಳಗೆ ಕೈಯಿಟ್ಟು, ಅವನ ಎರಡೂ ಪಾದಗಳನ್ನು ಜೋಡಿಸಿ ಆ ಬಿಸಿ ಅಂಗೈಯಲ್ಲಿ ಹಿಡಿದುಕೊಂಡಳು.

ಹೊರಗೆ ಗುರುಪ್ರಸಾದ್ ಕಿಟಕಿಯತ್ತ ನೋಡುತ್ತ, “ಆಫ್ ಮಾಡ್ಲಾ?” ಎಂದು ಕೇಳಿದ. ಮತ್ತೆ ಕೇಳುವ ಧೈರ್ಯ ಅವನಿಗಾಗಲಿಲ್ಲ. ಗಾಡಿ ಓಡುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ರಾಜೇಶ್ವರಿ ತಾನೇ ಹೊರಗೆ ಬಂದು, ಕೀಲಿ ಎಲ್ಲಿದೆ ಎಂದು ನಮ್ಮನ್ನು ಕೇಳಿ, ತಿರುಗಿಸಿದಳು. ಸೋನೆಯ ಸದ್ದು ಆಗ ಕೇಳಿಸಿತು. ಅಂದು ಸಂಜೆಗೆ ಪ್ರಭುದೇವ ಹೋದ.

ಕಾರ್ಯಗಳೆಲ್ಲ ಮುಗಿದು, ಪೂರ್ಣಿಮಾ ಕಾಲೇಜಿಗೆ ಮರಳಿದ ಮೇಲೆ, ಒಂದು ಸೋಮವಾರ ಆ ಕಡೆ ಹೋಗಿದ್ದೆ. ಬಾಗಿಲು ತೆರೆಯಲು ತಡವಾಯಿತು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು, ಅಲ್ಲಿಗೇ ನಡೆದೆ. ದೇವರ ಮನೆಯ ಎಣ್ಣೆಯ ಗಿಂಡಿ ಮೆಟ್ಟಿಲ ಮೇಲಿತ್ತು. ರಾಜೇಶ್ವರಿ ನಾರ್ಟನ್ನಿನ ಪಕ್ಕ ನಿಂತು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಮತ್ತ ಇಳಿದೈತಿ,” ಎಂದಳು.

“ಹಾಕಬೇಡಿ ಅತ್ತಿಗೆ. ಹೊಟ್ಟೆಗೆ ಇಳಿದಿರುತ್ತೆ ಅಷ್ಟೆ.”

“ಗೊತ್ತೈತಿ. ಹಾಕಂಗಿಲ್ಲ,” ಎಂದಳು. “ಸುಮ್ನ ನೋಡಿದೆ.”

ಕಡ್ಡಿಯನ್ನು ಸೆರಗಿನ ತುದಿಯಿಂದ ಒರೆಸಿ, ಸಾವಕಾಶವಾಗಿ ಒಳಗೆ ಇಳಿಸಿ, ಮುಚ್ಚಳ ತಿರುಗಿಸಿದಳು. ಆಮೇಲೆ ಚಹಾ ಇಲ್ಲಿಗೇ ತರಲೋ ಒಳಗೆ ಬರುತ್ತೀರೋ ಎಂದು ಕೇಳಿದಳು.